ಹಿಂಡಿ

ಪರ್ತ್‌ದಿಂದ ನೋರೀನ್ ಅನ್ನೋಳ ಪತ್ರ ಬಂದದ.
ಲಕೋಟಿ ಮ್ಯಾಲ ‘ಮಲ್‌ರೆಡಿ ಮನೆತನ, ವಾಡಿ’ ಅಷ್ಟೇ.
ಓಣಿ ಇಲ್ಲ, ಮನಿ ನಂಬರಿಲ್ಲ.
ಟಪಾಲಿನ ಶರಣಯ್ಯ ಮೂರು ದಿನ
ರೆಡ್ಡಿಗಳ ಹೊಸ್ತಿಲೆಲ್ಲಾ ತುಳಿದು
ಕಡೀಕಿ ನಮ್ಮ ಬಾಗಿಲಿಗಿ ಬಂದ:
“ಅಕ್ಕಾ, ನೀವೂ ಒಂಥರಾ ರೆಡ್ಡಿಯೇ ಅಲ್ಲೇನು?”

ಒಂಥರಾ.
ರೇಷನ್ ಕಾರ್ಡಿನಾಗ ನಾನು ಬ್ರಿಜಿಟ್ ಮಲ್ಲರೆಡ್ಡಿ.
ಜನಗಣತಿಗಿ ಬಂದ ಮಾಸ್ತರ
ಜಾತಿ ಕಾಲಮ್ಮಿನ ಮುಂದ ಪೆನ್ನು ಎತ್ತಿಹಿಡಿದು
ಕೊರಳಾಗಿನ ಶಿಲುಬಿ ನೋಡ್ತಾನ,
ಅಡ್ಡಹೆಸರು ನೋಡ್ತಾನ,
ಮತ್ತ ಶಿಲುಬಿ ನೋಡ್ತಾನ.
ತಂಗಿಗಿ ಒಮ್ಮೆ ಸೇಡಂ ಕಡಿಂದ ಬೀಗರು ಬಂದಿದ್ದರು,
ಹೊಲ ಎಷ್ಟು ಎಕರೆ ಅಂತ ಕೇಳಿಕೋತ.
ಅಪ್ಪ ಚಾ ಕುಡಿಸಿ ಕಳಿಸಿದ:
“ನಮ್ಮ ಹೊಲ ಹಳಿ ನಡುವಿನ ಜಲ್ಲಿ ರೀ,
ಬೆಳಿ ಬರ್ತದ, ಟೈಮಿಗಿ ಬರಂಗಿಲ್ಲ.”

ಮುತ್ತಜ್ಜ ಟೆರೆನ್ಸ್ ಮುಂಬೈದಾಗ ಹಡಗಿಳಿದವ
ಎಂಜಿನ್ನಿನ ಹೊಟ್ಟಿಗಿ ಕಲ್ಲಿದ್ದಲು ತುರುಕಿಕೋತ
ಸೊಲ್ಲಾಪುರ ದಾಟಿ ಇಲ್ಲಿಗಿ ಬಂದ,
ಕಂಪನಿ ಹಳಿ ನಿಜಾಮರ ಹಳಿ ಕೂಡೋ ಜಾಗಕ್ಕ.
ಹೆಸರು ಕೇಳಿದರು. ಮಲ್‌ರೆಡಿ ಅಂದ.
ಮುನ್ಶಿ ಉರ್ದುವಿನಾಗ ಬರಕೊಂಡ: ಮೀಮ್, ಲಾಮ್, ರೇ…
ಆ ಬರಹದಾಗ ಗಿಡ್ಡ ಸ್ವರ ಕಾಗದದ ಮ್ಯಾಲ ಇರಂಗಿಲ್ಲ,
ಓದವನ ಬಾಯಾಗ ಹುಟ್ತಾವ.
ಓದಿದವ ಕಾಗಿಣಾ ದಂಡಿಯವ.
ತಿಂಗಳ ಪಗಾರದ ದಿನ ಕೂಗಿದ, “ಮಲ್ಲರೆಡ್ಡೀ!”
ರೊಕ್ಕ ಬಿಡಬಾರದಂತ ಮುತ್ತಜ್ಜ ‘ಓ’ ಅಂದ.
ಆಮ್ಯಾಲ ಚಿತ್ತಾಪುರದ ಮರಿಯಮ್ಮನ ಕೈ ಹಿಡಿದ.
ಆಕಿಗಂತೂ ಈ ಹೆಸರೇ ಸಲೀಸು.

ನೋರೀನ್ ಬರೀತಾಳ:
ಮಲ್‌ರೆಡಿನೂ ಅಸಲು ಅಲ್ಲಂತ.
ಐರ್ಲೆಂಡಿನಾಗ ಅದು ಓ ಮಾಯಿಲ್‌ರಿಯಾದ,
‘ಮಾಯಿಲ್’ ಅಂದ್ರ ಬೋಳು, ದೇವರಿಗಿ ತಲಿ ಕೊಟ್ಟವ.
ಗೇಣಿ ವಸೂಲಿಗಿ ಬಂದ ಇಂಗ್ಲಿಷ್ ಗುಮಾಸ್ತನ ನಾಲಿಗಿ ತಿರುಗದೆ
ಮುಂದಿನ ಓ ಹೋತು, ಹಿಂದಿನ ಬಾಲ ಹೋತು.
ಓದಿ ನಕ್ಕೆ.
ಪಾಪ, ಇಷ್ಟು ವರ್ಷ ನಮ್ಮ ಮುನ್ಶಿಗಿ ಬೈದೀವಿ!

ಅಜ್ಜನ ತಮ್ಮ ಹ್ಯೂ, ಆಕಿ ಅಜ್ಜ,
ಪೊಲೀಸ್ ಆಕ್ಷನ್ ಆದ ಮರುವರ್ಷ ಹೆಂಡತಿ ಮಕ್ಕಳನ್ನ ಕಟಗೊಂಡು
ಹಡಗು ಹತ್ತಿದ. ಅಲ್ಲಿ ಬಿಳಿಯರಿಗಷ್ಟೇ ಬಾಗಿಲು.
ಮೈಬಣ್ಣಕ್ಕ ‘ಬಿಸಿಲು’ ಅಂದನಂತೆ,
ಹೆಸರಿಗಿ ಏನನ್ನೋದು? ‘ಮಲ್’ ಕಡಿದು ಒಗದ.
ಈಗ ಆಕಿ ನೋರೀನ್ ರೆಡಿ.
ತಲಿ ನಮ್ಮ ಕಡಿ, ಬಾಲ ಅವರ ಕಡಿ.

ಗೋರಿ ಫೋಟೊ ಬೇಕಂತ ಆಕಿಗಿ.
ಹೋಗಿದ್ದೆ, ಹಳೀ ಲೋಕೋ ಶೆಡ್ಡಿನ ಹಿಂದಕ,
ಸಿಮೆಂಟಿನ ಬೂದಿ ಬಿದ್ದು ಜಾಲಿನೂ ಬೆಳ್ಳಗ.
ಶಹಾಬಾದ ಕಲ್ಲು ಪದರು ಪದರಾಗಿ ಏಳ್ತದ;
ಎದ್ದ ಪದರಿನ ಜೋಡಿ ಅಕ್ಷರನೂ ಎದ್ದು ಹೋಗ್ಯಾವ.
ನೀರು ಹಾಕಿ ತಿಕ್ಕಿದೆ.
ಒಂದು ‘ಡಿ’ ಸಿಕ್ತು. ಅಥವಾ ಅದು ಬಿರುಕು.
ಫೋಟೊ ತಗೊಂಡೆ, ನನ್ನ ನೆರಳು ಬಿತ್ತು ಅದರಾಗ.

ಪತ್ರದ ಕಡೀಗಿ ಸಣ್ಣಕ್ಷರದಾಗ ಒಂದು ಮಾತು:
ಅಜ್ಜ ಸಾಯೋ ವಾರ ಊಟ ಬಿಟ್ಟು
‘ಹಿಂಡಿ, ಹಿಂಡಿ’ ಅಂತಿದ್ದನಂತೆ.
ಇವರು ಆಸ್ಪತ್ರೆಗಿ ಹಿಂದಿ ಬಲ್ಲವನ ಕರಿಸಿದರಂತೆ,
ಆತ ಎರಡು ತಾಸು ಕೈ ಹಿಡಕೊಂಡು
ಮಾತಾಡಿಸಿದನಂತೆ, ಅಜ್ಜ ಗ್ವಾಡಿ ಕಡಿ ತಿರುಗಿದನಂತೆ.

ಅವತ್ತು ರಾತ್ರಿ ರೊಟ್ಟಿ ಹರಿಯಲಿಲ್ಲ ನನಗ.

ಡಬ್ಬಿ ತುಂಬಿಕೊಂಡು ಟಪಾಲ್ ಆಫೀಸಿಗಿ ಹೋದೆ.
“ಬೀಜದ ಪುಡಿ ಆ ದೇಶದಾಗ ಬಿಡಂಗಿಲ್ಲಕ್ಕಾ,
ಬಂದರದಾಗೇ ಸುಡ್ತಾರ,” ಅಂದ ಶರಣಯ್ಯ.
ಅದಕ್ಕ ಬರೀಲಿಕ್ಕ ಕೂತೀನಿ, ನೋರೀನ್:
ಅಗಸಿ ಹುರಿ, ಚಟಚಟ ಅನ್ನೋತನಕ.
ಬಳ್ಳೊಳ್ಳಿ ಸಿಪ್ಪಿ ಸಮೇತ. ಉಪ್ಪು. ಕೆಂಪು ಖಾರ.
ಕುಟ್ಟು, ನುಣ್ಣಗ ಮಾಡಬ್ಯಾಡ.
ಹೆಸರು ಅನ್ನೋವಾಗ
ನಾಲಿಗಿ ತುದಿ ಹಿಂದಕ ಮಡಚಿ ಅಂಗಳಕ್ಕ ಹಚ್ಚು.
ಹಲ್ಲಿಗಿ ಹಚ್ಚಿದ್ರ ಅದು ಬ್ಯಾರೇ ಮಾತಾಗ್ತದ.